ದಿನನಿತ್ಯದ ಘರ್ಷಣೆ: ಪುಸ್ತಕದಲ್ಲಿರುವ ನಾಲ್ಕು ಬಗೆ ಸಾಕಾ?

ಪ್ರಶ್ನೆಚೀಲ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಶಾಲೆಯಲ್ಲಿ ಘರ್ಷಣೆಯ ಪಾಠ ಶುರುವಾಗಿದೆ. ಪುಸ್ತಕದಲ್ಲಿ ನಾಲ್ಕು ಬಗೆ ಕೊಟ್ಟಿದ್ದಾರೆ. ವಸ್ತು ಅಲುಗಾಡದೆ ಇರುವಾಗ ಸ್ಥಾಯಿ ಘರ್ಷಣೆ, ಜಾರುವಾಗ ಜಾರು ಘರ್ಷಣೆ, ಉರುಳುವಾಗ ಉರುಳು ಘರ್ಷಣೆ, ಆಮೇಲೆ ನೀರಿನಲ್ಲಿ ಗಾಳಿಯಲ್ಲಿ ಸಾಗುವಾಗ ಎದುರಾಗುವ ಎಳೆತ. ಒಂದೊಂದಕ್ಕೂ ಒಂದೊಂದು ಚಿತ್ರ. ಪರೀಕ್ಷೆಗೆ ಅಷ್ಟು ಸಾಕು.

ಆದರೆ ಅವಳು ಕೇಳಿದ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಿ ಉತ್ತರ ಸಿಗುತ್ತಿಲ್ಲ. ನಾವು ನಡೆಯುವಾಗ ಇರುವುದು ಯಾವ ಘರ್ಷಣೆ? ನಡೆಯುತ್ತಿದ್ದೇವೆ, ಅಂದರೆ ನಿಂತಿಲ್ಲ, ಆದರೆ ಕಾಲು ಜಾರುತ್ತಲೂ ಇಲ್ಲ. ಗಾಡಿಯ ಚಕ್ರಕ್ಕೆ ಉರುಳು ಘರ್ಷಣೆ ತುಂಬಾ ಕಡಿಮೆ ಅನ್ನುತ್ತಾರೆ, ಹಾಗಿದ್ದರೆ ಬ್ರೇಕ್ ಹಾಕಿದಾಗ ಗಾಡಿ ನಿಲ್ಲುವುದು ಹೇಗೆ? ನುಣುಪು ಮಾಡಿದಷ್ಟೂ ಘರ್ಷಣೆ ಕಡಿಮೆ ಆಗುತ್ತಾ ಹೋಗುತ್ತದಾ?

ಗೊತ್ತಿರುವವರು ದಯವಿಟ್ಟು ಹೇಳಿ. ನಿಮ್ಮ ನಿಮ್ಮ ಕೆಲಸದಲ್ಲಿ ಘರ್ಷಣೆ ಎಲ್ಲಿ ಬರುತ್ತದೆ ಅನ್ನುವುದನ್ನೂ ಬರೆದರೆ ಅವಳಿಗೆ ಓದಿ ಹೇಳುತ್ತೇನೆ.

ಸೀಮೆಸುಣ್ಣ

ನಾನು ಭೌತಶಾಸ್ತ್ರ ಪಾಠ ಮಾಡುವವಳು. ನಿಮ್ಮ ಮಗಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾಳೆ. ನಡೆಯುವಾಗ ಇರುವುದು ಸ್ಥಾಯಿ ಘರ್ಷಣೆ. ದೇಹ ಮುಂದೆ ಹೋಗುತ್ತಿದ್ದರೂ ನೆಲಕ್ಕೆ ತಾಗಿರುವ ಪಾದ ಆ ಕ್ಷಣಕ್ಕೆ ನಿಂತೇ ಇರುತ್ತದೆ. ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಪಾದವನ್ನು ಮುಂದಕ್ಕೆ ತಳ್ಳುತ್ತದೆ. "ಘರ್ಷಣೆ ಚಲನೆಯನ್ನು ತಡೆಯುತ್ತದೆ" ಅಂತ ಬಾಯಿಪಾಠ ಮಾಡಿದ ಮಕ್ಕಳು ಇಲ್ಲೇ ಎಡವುವುದು. ಅದು ತಡೆಯುವುದು ಒಂದು ಮೇಲ್ಮೈ ಇನ್ನೊಂದರ ಮೇಲೆ ಜಾರುವುದನ್ನು. ಜಾರದೆ ಇದ್ದರೆ ನಾವು ಮುಂದೆ ಹೋಗಬಹುದು, ಅಷ್ಟೇ.

ಸ್ಥಾಯಿ ಘರ್ಷಣೆಗೆ ಒಂದು ಗುಣ ಇದೆ, ಅದು ಉಳಿದವಕ್ಕೆ ಇಲ್ಲ. ಎಷ್ಟು ಬೇಕೋ ಅಷ್ಟೇ ಕೊಡುತ್ತದೆ. ಭಾರದ ಬೀರುವನ್ನು 50 ನ್ಯೂಟನ್ ಬಲದಿಂದ ತಳ್ಳಿದಿರಿ, ಅಲುಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ನೆಲ ಎದುರಿನಿಂದ ಸರಿಯಾಗಿ 50 ನ್ಯೂಟನ್ ಕೊಡುತ್ತಿದೆ. 100 ಹಾಕಿದಿರಿ, ಆಗಲೂ ಅಲುಗಲಿಲ್ಲ, ನೆಲವೂ 100 ಕೊಟ್ಟಿತು. ತಳ್ಳುವುದು ಬಿಟ್ಟರೆ ಸೊನ್ನೆ. ಹೀಗೆ ಏರುತ್ತಾ ಒಂದು ಮಿತಿ ಮುಟ್ಟುತ್ತದೆ. ಮಿತಿ ದಾಟಿದ ಕೂಡಲೇ ಬೀರು ಹೊರಡುತ್ತದೆ, ಆಗ ಜಾರು ಘರ್ಷಣೆ ಶುರು. ಅದು ಸಾಮಾನ್ಯವಾಗಿ ಆ ಮಿತಿಗಿಂತ ಕಡಿಮೆ. ಅದಕ್ಕೇ ಹೊರಡಿಸುವುದು ಕಷ್ಟ, ಹೊರಟ ಮೇಲೆ ಸ್ವಲ್ಪ ಸಲೀಸು.

ನನ್ನ ಮಟ್ಟಿಗೆ ಈ ಪಾಠದ ತಿರುಳು ಇಲ್ಲೇ ಇದೆ. ನಾವು ಘರ್ಷಣೆ ಅಂದ ತಕ್ಷಣ ಉಜ್ಜುವುದು, ಸವೆಯುವುದು, ಬಿಸಿಯಾಗುವುದು ನೆನೆಯುತ್ತೇವೆ. ಅವೆಲ್ಲ ಜಾರು ಘರ್ಷಣೆಯ ಕೆಲಸ. ಆದರೆ ಬೆಳಗಿನಿಂದ ರಾತ್ರಿವರೆಗೆ ನಮ್ಮನ್ನು ನಡೆಸುವುದು ಜಾರದೆ ಹಿಡಿದಿಡುವ ಘರ್ಷಣೆ, ಮತ್ತು ಅದು ಕೆಲಸ ಮಾಡುತ್ತಿರುವಾಗ ಏನೂ ಆಗುತ್ತಿಲ್ಲ ಅನಿಸುತ್ತದೆ. ಗೋಡೆಗೆ ಹೊಡೆದ ಮೊಳೆ, ಬೆರಳ ನಡುವಿನ ಪೆನ್ನು, ಶೂ ಲೇಸಿನ ಗಂಟು, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ, ಇಳಿಜಾರು ಮೇಜಿನ ಮೇಲಿಟ್ಟ ಪುಸ್ತಕ. ಮೈಮೇಲಿನ ಬಟ್ಟೆಯನ್ನೇ ನೋಡಿ. ಹತ್ತಿಯ ಎಳೆ ಸುಮಾರು 3 ಸೆಂಟಿಮೀಟರ್ ಉದ್ದ ಇರುತ್ತದೆ ಅಷ್ಟೇ. ಅಂಥ ಗಿಡ್ಡ ಎಳೆಗಳಿಂದ ಮೈಲಿಗಟ್ಟಲೆ ನೂಲು ಬರುತ್ತದೆ. ಅಂಟು ಇಲ್ಲ, ಗಂಟು ಇಲ್ಲ. ಹುರಿ ಹಾಕಿದಾಗ ಎಳೆಗಳು ಒಂದನ್ನೊಂದು ಒತ್ತುತ್ತವೆ, ನೂಲನ್ನು ಎಳೆದಷ್ಟೂ ಇನ್ನೂ ಬಿಗಿಯಾಗಿ ಒತ್ತುತ್ತವೆ, ಘರ್ಷಣೆ ಅವನ್ನು ಜಾರಲು ಬಿಡುವುದಿಲ್ಲ. ಗಿಡ್ಡ ಎಳೆಗಳಿಂದ ಉದ್ದ ಹಗ್ಗ ಗಟ್ಟಿಯಾಗಿ ನಿಲ್ಲುವುದು ಹೇಗೆ ಅನ್ನುವ ಈ ಪ್ರಶ್ನೆಯನ್ನು ಗೆಲಿಲಿಯೊ 1638ರಲ್ಲೇ ಎತ್ತಿದ್ದ.

ಉದ್ದದಾರಿ

ಚಕ್ರದ ಪ್ರಶ್ನೆಗೆ ನಾನು ಹೇಳುತ್ತೇನೆ, ದೊಡ್ಡ ಗಾಡಿ ಓಡಿಸುವವನು. ಮೇಡಂ ಪಾದದ ಬಗ್ಗೆ ಹೇಳಿದ್ದೇ ಟೈರಿಗೂ. ಚಕ್ರ ಜಾರದೆ ಉರುಳುವಾಗ ರಸ್ತೆಗೆ ತಾಗಿರುವ ಭಾಗ ಆ ಕ್ಷಣಕ್ಕೆ ನಿಂತಿರುತ್ತದೆ. ಗಾಡಿ ಎಷ್ಟೇ ವೇಗದಲ್ಲಿರಲಿ. ಆದ್ದರಿಂದ ಗಾಡಿಯನ್ನು ಮುಂದೆ ತಳ್ಳುವುದು, ತಿರುವಿನಲ್ಲಿ ಹಿಡಿಯುವುದು, ನಿಲ್ಲಿಸುವುದು ಎಲ್ಲವೂ ಟೈರು ಮತ್ತು ರಸ್ತೆ ನಡುವಿನ ಸ್ಥಾಯಿ ಘರ್ಷಣೆಯೇ. ಬ್ರೇಕಿನ ಪ್ಯಾಡು ಮತ್ತು ಡಿಸ್ಕ್ ನಡುವೆ ಮಾತ್ರ ಜಾರು ಘರ್ಷಣೆ, ಅಲ್ಲೇ ಬಿಸಿ, ಅಲ್ಲೇ ಸವೆತ.

ಉರುಳು ಘರ್ಷಣೆ ಬೇರೆಯೇ. ಟೈರು ಕೆಳಗೆ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತಾ ಇರುತ್ತದಲ್ಲ, ಪ್ರತಿ ಸಲ ರಬ್ಬರ್ ಬಾಗಿ ನೇರವಾಗುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಉರುಳುವುದಕ್ಕೆ ಬರುವ ತಡೆಯಲ್ಲಿ ಹೆಚ್ಚಿನ ಪಾಲು ಅದೇ. ಉಜ್ಜುವುದು ಅಲ್ಲಿ ಕಡಿಮೆ. ಗಾಳಿ ಕಡಿಮೆ ಇರುವ ಟೈರು ಜಾಸ್ತಿ ಬಾಗುತ್ತದೆ, ಜಾಸ್ತಿ ಇಂಧನ ತಿನ್ನುತ್ತದೆ, ಜಾಸ್ತಿ ಬಿಸಿಯಾಗುತ್ತದೆ. 1000 ಕೆಜಿ ಕಾರನ್ನು ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಉರುಳಿಸುತ್ತಾ ಇರಲು ಸುಮಾರು 10 ಕೆಜಿ ತೂಕ ಎತ್ತುವಷ್ಟು ಬಲ ಸಾಕು. ಅದೇ ತೂಕ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಯಲ್ಲಿದ್ದರೆ ಒಂದೆರಡು ಕೆಜಿ ಎತ್ತುವಷ್ಟು ಬಲ ಸಾಕು. ರೈಲು ಅಷ್ಟು ಭಾರ ಎಳೆಯುವುದು ಇದರಿಂದಲೇ. ಅದಕ್ಕೆ ನಿಲ್ಲಲು ಅಷ್ಟು ದೂರ ಬೇಕಾಗುವುದಕ್ಕೂ ಉಕ್ಕಿನ ಮೇಲೆ ಉಕ್ಕಿನ ಹಿಡಿತ ಕಡಿಮೆ ಇರುವುದೇ ಕಾರಣ.

ಈಗ ನಾನು ಎಲ್ಲರಿಗೂ ಹೇಳುವ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿದರೆ, ಒಣ ರಸ್ತೆಯಲ್ಲಿ ಘರ್ಷಣಾಂಕ (ಒತ್ತುವ ಭಾರಕ್ಕೆ ಹೋಲಿಸಿದರೆ ಘರ್ಷಣೆ ಎಷ್ಟು ಪಾಲು ಅನ್ನುವ ಅಂಕಿ) 0.8 ಅಂತಿಟ್ಟುಕೊಂಡರೆ ಗಾಡಿ ಸುಮಾರು 18 ಮೀಟರ್‌ನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ 0.4ಕ್ಕೆ ಇಳಿದರೆ 35 ಮೀಟರ್. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ 0.1 ಅಂದರೆ 140 ಮೀಟರ್ ದಾಟುತ್ತದೆ. ಇದು ಬ್ರೇಕ್ ಹಿಡಿದ ಮೇಲಿನ ದೂರ. ಕಣ್ಣು ನೋಡಿ ಕಾಲು ಒತ್ತುವಷ್ಟರಲ್ಲಿ ಹೋಗುವ ದೂರ ಬೇರೆ. ವೇಗ ದುಪ್ಪಟ್ಟು ಮಾಡಿದರೆ ಈ ದೂರ ನಾಲ್ಕು ಪಟ್ಟು ಆಗುತ್ತದೆ.

ಚಕ್ರ ಲಾಕ್ ಆಯಿತು ಅಂದರೆ ಟೈರು ಉಜ್ಜಿಕೊಂಡು ಜಾರುತ್ತದೆ. ಹಿಡಿತ ಕಡಿಮೆ ಆಗುವುದು ಒಂದು, ಅದಕ್ಕಿಂತ ಕೆಟ್ಟದ್ದು ಸ್ಟೀರಿಂಗ್ ಮಾತು ಕೇಳುವುದಿಲ್ಲ. ಎಬಿಎಸ್ ಮಾಡುವ ಕೆಲಸ ಇಷ್ಟೇ: ಚಕ್ರವನ್ನು ಲಾಕ್ ಆಗಲು ಬಿಡದೆ ಉರುಳುತ್ತಲೇ ಇರುವಂತೆ ನೋಡಿಕೊಳ್ಳುವುದು.

ಗೀಟುಪಟ್ಟಿ

ಒಂದು ಅನುಮಾನ. ಘರ್ಷಣೆ ತಾಗುವ ಜಾಗದ ಅಗಲದ ಮೇಲೆ ನಿಂತಿಲ್ಲ ಅಂತ ಓದಿದ್ದೇನೆ. ಹಾಗಾದರೆ ರೇಸ್ ಗಾಡಿಗೆ ಅಷ್ಟು ಅಗಲದ ಟೈರು ಯಾಕೆ?

ಸೀಮೆಸುಣ್ಣ

ಒಳ್ಳೆಯ ಅನುಮಾನ, ಸ್ವಲ್ಪ ಉದ್ದಕ್ಕೆ ಹೇಳಬೇಕು.

ನೀವು ಓದಿದ ನಿಯಮ 1699ರಲ್ಲಿ ಫ್ರಾನ್ಸಿನ ಅಮಾಂಟನ್ಸ್ ಪ್ರಕಟಿಸಿದ್ದು. ಘರ್ಷಣೆ ಒತ್ತುವ ಭಾರಕ್ಕೆ ತಕ್ಕಂತೆ ಏರುತ್ತದೆ, ತಾಗುವ ಅಗಲಕ್ಕೆ ಸಂಬಂಧ ಇಲ್ಲ ಅಂತ. ಅದಕ್ಕೆ ಸುಮಾರು 200 ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ಇದನ್ನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ, ಪ್ರಕಟಿಸಿರಲಿಲ್ಲ. ಇಟ್ಟಿಗೆಯನ್ನು ಕಿರಿದಾದ ಬದಿಯ ಮೇಲೆ ಅಡ್ಡ ಇಟ್ಟು ಎಳೆಯಿರಿ, ಚಪ್ಪಟೆ ಇಟ್ಟು ಎಳೆಯಿರಿ, ಬೇಕಾಗುವ ಬಲ ಹೆಚ್ಚೂಕಡಿಮೆ ಒಂದೇ. ಕೇಳಿದವರಿಗೆಲ್ಲ ಇದು ವಿಚಿತ್ರ ಅನಿಸುತ್ತದೆ.

ಯಾಕೆ ಹೀಗೆ ಅನ್ನುವುದು 20ನೇ ಶತಮಾನದಲ್ಲಿ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳ ಕೆಲಸದಿಂದ ಸ್ಪಷ್ಟವಾಯಿತು. ಎಷ್ಟೇ ನುಣುಪು ಕಂಡರೂ ಮೇಲ್ಮೈ ತುಂಬಾ ಕಣ್ಣಿಗೆ ಕಾಣದ ದಿಬ್ಬಗಳು. ಎರಡು ವಸ್ತು ತಾಗಿವೆ ಅಂದರೆ ನಿಜವಾಗಿ ತಾಗಿರುವುದು ಆ ದಿಬ್ಬಗಳ ತುದಿಗಳು ಮಾತ್ರ. ಭಾರ ಹಾಕಿದರೆ ತುದಿಗಳು ಚಪ್ಪಟೆಯಾಗಿ ನಿಜವಾದ ತಾಗುವಿಕೆ ಜಾಸ್ತಿ ಆಗುತ್ತದೆ. ಇಟ್ಟಿಗೆ ಚಪ್ಪಟೆ ಇಟ್ಟಾಗ ತಾಗುವ ದಿಬ್ಬ ಜಾಸ್ತಿ, ಆದರೆ ಒಂದೊಂದರ ಮೇಲಿನ ಭಾರ ಕಡಿಮೆ. ಅಡ್ಡ ಇಟ್ಟಾಗ ದಿಬ್ಬ ಕಡಿಮೆ, ಭಾರ ಜಾಸ್ತಿ. ಒಟ್ಟು ಒಂದೇ.

ರಬ್ಬರ್ ಈ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದು ಮೆತ್ತಗಿದೆ, ರಸ್ತೆಯ ಕಲ್ಲುಗಳ ಸುತ್ತ ಬಾಗಿ ಕೂರುತ್ತದೆ. ಒತ್ತಡ ಜಾಸ್ತಿಯಾದಂತೆ ಅದರ ಘರ್ಷಣಾಂಕ ಇಳಿಯುತ್ತದೆ. ಅಗಲದ ಟೈರಿನಲ್ಲಿ ಭಾರ ಹಂಚಿಹೋಗುವುದರಿಂದ ಹಿಡಿತ ಸಿಗುತ್ತದೆ. ಬಿಸಿಯನ್ನೂ ಸವೆತವನ್ನೂ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಇನ್ನೊಂದು ಮಾತು, ಟೈರಿನ ಗೆರೆಗಳು ಇರುವುದು ಹಿಡಿತಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಣ ರಸ್ತೆಗೆ ಗೆರೆಯೇ ಬೇಡ, ರೇಸಿನಲ್ಲಿ ನುಣುಪು ಟೈರು ಹಾಕುವುದು ಅದಕ್ಕೇ. ಗೆರೆ ಬೇಕಾಗುವುದು ನೀರನ್ನು ಪಕ್ಕಕ್ಕೆ ಹೊರಗೆ ಹಾಕಲು. ಸವೆದ ಟೈರು ಮಳೆಯಲ್ಲಿ ನೀರಿನ ಪದರದ ಮೇಲೆ ತೇಲಿಬಿಡುತ್ತದೆ.

ಏಣಿಮೇಲೆ

ಗೋಡೆಗೆ ಬಣ್ಣ ಬಳಿಯುವ ಕೆಲಸ ನನ್ನದು, ಹಾಗಾಗಿ ಏಣಿ ವಿಷಯ ಹೇಳಲೇಬೇಕು. ಕೆಳಗಿನ ನಾಲ್ಕೈದು ಮೆಟ್ಟಿಲು ಹತ್ತಿ ಅಲುಗಾಡಿಸಿ ನೋಡಿ "ಗಟ್ಟಿ ಇದೆ" ಅಂತ ಮೇಲೆ ಹೋಗುವವರು ಬಹಳ ಜನ. ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಏಣಿಯ ಬುಡ ಜಾರದೆ ಇರಲು ನೆಲದಿಂದ ಬೇಕಾಗುವ ಘರ್ಷಣೆ ನೀವು ಮೇಲೆ ಹೋದಷ್ಟೂ ಏರುತ್ತಾ ಹೋಗುತ್ತದೆ. ಗೋಡೆ ಪೂರ್ತಿ ನುಣುಪು, ಏಣಿಗೆ ತೂಕವೇ ಇಲ್ಲ ಅಂತ ಸರಳವಾಗಿ ಲೆಕ್ಕ ಹಾಕಿದರೆ, ಬುಡ ಗೋಡೆಯಿಂದ 1 ಅಳತೆ ದೂರ, ತುದಿ 4 ಅಳತೆ ಎತ್ತರ ಇದ್ದಾಗ ತುತ್ತತುದಿಯಲ್ಲಿ ನಿಂತವನಿಗೆ ಘರ್ಷಣಾಂಕ 0.25 ಬೇಕು. ಅರ್ಧದಲ್ಲಿ ನಿಂತವನಿಗೆ ಅದರ ಅರ್ಧ ಸಾಕು. ಅದೇ ಏಣಿಯನ್ನು 60 ಡಿಗ್ರಿಗೆ ಮಲಗಿಸಿದಂತೆ ಇಟ್ಟರೆ ತುದಿಯಲ್ಲಿ 0.58 ಬೇಕಾಗುತ್ತದೆ. ನಯವಾದ ನೆಲದ ಮೇಲೆ ದೂಳೋ ನೀರೋ ಇದ್ದರೆ ಅಷ್ಟು ಸಿಗುವುದಿಲ್ಲ.

ಕೆಳಗೆ ಸುಮ್ನೆ ನಿಂತಿರುವ ಏಣಿ ಮೇಲೆ ಹೋದ ಮೇಲೆ ಒಮ್ಮೆಲೇ ಜಾರುವುದು ಇದಕ್ಕೇ. ಮೇಡಂ ಹೇಳಿದ ಮಿತಿ ದಾಟುವವರೆಗೆ ಯಾವ ಸುಳಿವೂ ಇರುವುದಿಲ್ಲ. ದಾಟಿದ ಮೇಲೆ ಹಿಡಿತ ಇನ್ನೂ ಕಡಿಮೆ, ಆದ್ದರಿಂದ ಸ್ವಲ್ಪ ಜಾರಿ ನಿಲ್ಲುವುದೂ ಇಲ್ಲ. 4ಕ್ಕೆ 1 ಅನ್ನುವ ಅಳತೆಯನ್ನು ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಎಣ್ಣೆಡಬ್ಬಿ

ಯಂತ್ರಗಳ ದುರಸ್ತಿ ನನ್ನ ಕೆಲಸ. ಎಲ್ಲರೂ ಹಿಡಿದಿಡುವ ಘರ್ಷಣೆಯನ್ನು ಹೊಗಳಿದ್ದಾರೆ, ಸರಿಯೇ. ನಮ್ಮ ಕಡೆ ದಿನವಿಡೀ ಹೋರಾಟ ಜಾರುವ ಘರ್ಷಣೆ ಜೊತೆ. ಪ್ರಪಂಚದಲ್ಲಿ ಬಳಕೆಯಾಗುವ ಒಟ್ಟು ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಬರೀ ಘರ್ಷಣೆಯನ್ನು ಮೀರಲು ಹೋಗುತ್ತದೆ ಅಂತ 2017ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಾವು ಕೊಡುವ ಎಣ್ಣೆ, ಗ್ರೀಸ್, ಬೇರಿಂಗ್ (ತಿರುಗುವ ದಂಡವನ್ನು ಹೊರುವ ಭಾಗ) ಎಲ್ಲ ಅದನ್ನು ಕಡಿಮೆ ಮಾಡಲು.

ಎಣ್ಣೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಇದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಶಾಂಪ್ ಟವರ್ ಎಂಬ ಇಂಜಿನಿಯರ್ ರೈಲು ಗಾಲಿಯ ಬೇರಿಂಗ್ ಮೇಲೆ ಪ್ರಯೋಗ ಮಾಡುತ್ತಿದ್ದ. ಎಣ್ಣೆ ಬಿಡಲು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ತೂತು ಕೊರೆದ. ಯಂತ್ರ ತಿರುಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಬಂತು. ಬೆಣೆ ಹೊಡೆದು ಮುಚ್ಚಿದ. ಬೆಣೆಯನ್ನೂ ಹೊರಗೆ ತಳ್ಳಿತು. ಆಗ ಗೊತ್ತಾಯಿತು, ತಿರುಗುವ ದಂಡ ತಾನೇ ಎಣ್ಣೆಯನ್ನು ಒಳಗೆ ಎಳೆದುಕೊಂಡು ದೊಡ್ಡ ಒತ್ತಡ ಹುಟ್ಟಿಸುತ್ತದೆ, ಆ ಒತ್ತಡದ ಪದರದ ಮೇಲೆ ಇಡೀ ಭಾರ ತೇಲುತ್ತದೆ ಅಂತ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು. ಅಂದರೆ ಸರಿಯಾಗಿ ಎಣ್ಣೆ ಇರುವ ಯಂತ್ರದಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಪುಸ್ತಕದ ಪಟ್ಟಿಯಲ್ಲಿ ಅದು ಜಾರು ಘರ್ಷಣೆ ಅಲ್ಲ, ದ್ರವದ ಎಳೆತ. ಆದರೆ ಯಂತ್ರ ನಿಂತಾಗ ಪದರ ಹಿಂಡಿಹೋಗುತ್ತದೆ. ಮತ್ತೆ ಶುರು ಮಾಡಿದ ಮೊದಲ ಕ್ಷಣಗಳಲ್ಲಿ ಲೋಹ ಲೋಹಕ್ಕೆ ತಾಗಿಯೇ ತಿರುಗುತ್ತದೆ. ಇಂಜಿನ್ ಶುರುವಾದ ಕೂಡಲೇ ಜೋರಾಗಿ ಓಡಿಸಬೇಡಿ ಅನ್ನುವುದು ಇದಕ್ಕೇ.

ಇನ್ನು ನಟ್ಟು ಬೋಲ್ಟು. ಸ್ಪ್ಯಾನರ್ ಹಾಕಿ ಬಿಗಿ ಮಾಡುವಾಗ ನೀವು ಹಾಕುವ ಶ್ರಮದಲ್ಲಿ ಹೆಚ್ಚೂಕಡಿಮೆ ಅರ್ಧ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, ಇನ್ನು ನೂರಕ್ಕೆ 40 ಪಾಲು ಬೋಲ್ಟಿನ ಸುರುಳಿ ಗೆರೆಗಳ (ಥ್ರೆಡ್) ಘರ್ಷಣೆಗೆ. ನೂರಕ್ಕೆ 10 ಪಾಲು ಮಾತ್ರ ಬೋಲ್ಟನ್ನು ಎಳೆದು ಬಿಗಿ ಕೊಡುತ್ತದೆ. ಈ 90 ಪಾಲು ದಂಡ ಅನಿಸಬಹುದು. ಆದರೆ ಅದೇ ಘರ್ಷಣೆ ಬೋಲ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಹಿಡಿದಿರುವುದು. ಎಣ್ಣೆ ಹಚ್ಚಬೇಡಿ ಅಂತ ಬರೆದಿರುವ ಕಡೆ ಎಣ್ಣೆ ಹಚ್ಚಿ ಅದೇ ಬಲ ಹಾಕಿದರೆ ಏನಾಗುತ್ತದೆ? ಘರ್ಷಣೆಗೆ ಹೋಗುವ ಪಾಲು ಕಡಿಮೆಯಾಗಿ, ಎಳೆಯುವ ಪಾಲು ಒಂದೇ ಸಲ ಏರುತ್ತದೆ, ಬೋಲ್ಟು ಮುರಿಯಬಹುದು. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಮನೆಗೆ ಸಂಬಂಧಪಟ್ಟ ಒಂದು ಮಾತು. ಬಾಗಿಲು ತಿರುಗುವ ಕೀಲುಗಳಿಗೆ ಎಣ್ಣೆ ಸರಿ. ಬೀಗದ ಒಳಗೆ ಬೇಡ, ದೂಳು ಕಚ್ಚಿಕೊಂಡು ಅಂಟಾಗುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ ಒಳ್ಳೆಯದು.

ಹಗ್ಗದತುದಿ

ಬಂಡೆ ಹತ್ತುವವರಿಗೆ, ದೋಣಿ ಕಟ್ಟುವವರಿಗೆ ಗೊತ್ತಿರುವ ಒಂದು ಸಂಗತಿ ಸೇರಿಸುತ್ತೇನೆ. ಹಗ್ಗವನ್ನು ಕಂಬಕ್ಕೆ ಸುತ್ತಿದಾಗ ಹಿಡಿತ ಸುತ್ತಿಗೆ ತಕ್ಕಂತೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ಸುಮಾರು 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ 280 ಪಟ್ಟು ದಾಟುತ್ತದೆ. ಆ ಕಡೆ 280 ಕೆಜಿ ಜಗ್ಗುತ್ತಿದ್ದರೆ ಈ ಕಡೆ 1 ಕೆಜಿ ಹಿಡಿತ ಸಾಕು. ಒಬ್ಬ ಮನುಷ್ಯ ಕಂಬಕ್ಕೆ ಹಗ್ಗ ಸುತ್ತಿ ಹಡಗು ಹಿಡಿಯುವುದು ಹೀಗೆ. ಇದನ್ನು 18ನೇ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ ಲೆಕ್ಕ ಹಾಕಿದ್ದ. ಕಂಬದ ದಪ್ಪಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಎಷ್ಟು ಕೋನ ಸುತ್ತಿದೆ ಅನ್ನುವುದೊಂದೇ ಲೆಕ್ಕ.

ಗಂಟು ಕೆಲಸ ಮಾಡುವುದೂ ಹೀಗೇ. ಹಗ್ಗ ತನ್ನನ್ನೇ ತಾನು ಸುತ್ತಿಕೊಂಡಿರುತ್ತದೆ ಅಷ್ಟೇ. ಲೇಸಿನ ಗಂಟು ನಡೆಯುವಾಗ ಬಿಚ್ಚಿಕೊಳ್ಳುವುದರ ಬಗ್ಗೆ 2017ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಕ್ಯಾಮೆರಾ ಇಟ್ಟು ನೋಡಿದರು. ಪಾದ ನೆಲಕ್ಕೆ ಬಡಿಯುವಾಗ ಗಂಟು ಸಡಿಲವಾಗುತ್ತದೆ, ಕಾಲು ಬೀಸುವಾಗ ಲೇಸಿನ ಬಿಡಿ ತುದಿಗಳು ಹೊರಗೆ ಎಳೆಯುತ್ತವೆ. ಎರಡೂ ಸೇರಿದಾಗ ಮಾತ್ರ ಬಿಚ್ಚುತ್ತದೆ. ಕುರ್ಚಿಯಲ್ಲಿ ಕೂತು ಕಾಲು ಬೀಸಿದರೆ ಬಿಚ್ಚುವುದಿಲ್ಲ.

ಕಮಾನು

ಇಲ್ಲಿಯವರೆಗೆ ಯಾರೂ ಹೇಳದ ಒಂದು ಬಗೆ ಇದೆ. ಹಿಡಿ, ಜಾರು, ಹಿಡಿ, ಜಾರು. ನಾನು ಪಿಟೀಲು ನುಡಿಸುತ್ತೇನೆ. ಕಮಾನಿನ ಕೂದಲು ತಂತಿಯನ್ನು ಹಿಡಿದು ಪಕ್ಕಕ್ಕೆ ಎಳೆಯುತ್ತದೆ, ತಂತಿಯ ಬಿಗಿ ಸ್ಥಾಯಿ ಘರ್ಷಣೆಯನ್ನು ಮೀರಿದಾಗ ತಂತಿ ಸರಕ್ಕನೆ ಜಾರಿ ಹಿಂದಕ್ಕೆ ಬರುತ್ತದೆ, ಮತ್ತೆ ಹಿಡಿತ. 440 ಹರ್ಟ್ಸ್ ಸ್ವರ ಅಂದರೆ ಸೆಕೆಂಡಿಗೆ 440 ಸಲ ಹೀಗೆ ಆಗುತ್ತದೆ. ಕಮಾನಿಗೆ ರಾಳ ಉಜ್ಜುವುದು ನಿಂತಾಗಿನ ಹಿಡಿತಕ್ಕೂ ಜಾರುವಾಗಿನ ಹಿಡಿತಕ್ಕೂ ಇರುವ ಅಂತರ ದೊಡ್ಡದಾಗಲಿ ಅಂತ. ರಾಳ ಇಲ್ಲದ ಕಮಾನಿನಲ್ಲಿ ಸ್ವರವೇ ಹುಟ್ಟುವುದಿಲ್ಲ, ಕೂದಲು ಸುಮ್ನೆ ಜಾರಿಹೋಗುತ್ತದೆ.

ಬಾಗಿಲು ಕಿರ್ ಅನ್ನುವುದು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕಿರುಚುವುದು, ಬ್ರೇಕು ಕೀರಲು ದನಿ ಮಾಡುವುದು ಎಲ್ಲ ಇದೇ. ಭೂಕಂಪವೂ ಇದೇ ಬಗೆ ಅಂತ 1966ರಲ್ಲಿ ಬ್ರೇಸ್ ಮತ್ತು ಬಯರ್ಲೀ ಎಂಬ ವಿಜ್ಞಾನಿಗಳು ಸೂಚಿಸಿದರು. ಎರಡು ಬಂಡೆಪದರಗಳು ಸ್ಥಾಯಿ ಘರ್ಷಣೆಯಿಂದ ಕಚ್ಚಿಕೊಂಡಿರುತ್ತವೆ, ವರ್ಷಗಟ್ಟಲೆ ಒತ್ತಡ ಕೂಡುತ್ತದೆ, ಮಿತಿ ದಾಟಿದ ಕ್ಷಣ ಜಾರುತ್ತವೆ. ಮೇಡಂ ಹೇಳಿದ ಆ ಎರಡು ಘರ್ಷಣೆಗಳ ನಡುವಿನ ಸಣ್ಣ ಅಂತರ ಸಂಗೀತದಲ್ಲೂ ಇದೆ, ನೆಲ ನಡುಗುವುದರಲ್ಲೂ ಇದೆ. ಇದನ್ನು ಮಕ್ಕಳಿಗೆ ಖಂಡಿತ ಹೇಳಬೇಕು.

ಗೀಟುಪಟ್ಟಿ

ಮಂಜುಗಡ್ಡೆ ಜಾರುವುದು ನಮ್ಮ ಭಾರದ ಒತ್ತಡಕ್ಕೆ ಅದು ಕರಗಿ ನೀರಾಗುವುದರಿಂದ ಅಲ್ವಾ? ಅದು ದ್ರವದ ಘರ್ಷಣೆ ಆಯಿತಲ್ಲ.

ಸೀಮೆಸುಣ್ಣ

ಒತ್ತಡದ ಉತ್ತರ ಬಹಳ ಪುಸ್ತಕಗಳಲ್ಲಿ ಇದೆ, ಆದರೆ ಲೆಕ್ಕ ಹೊಂದುವುದಿಲ್ಲ. ಸ್ಕೇಟಿನ ಚೂಪು ಅಲಗಿನ ಒತ್ತಡ ಕೂಡ ಕರಗುವ ಬಿಂದುವನ್ನು ಹೆಚ್ಚೆಂದರೆ ಕೆಲವೇ ಡಿಗ್ರಿ ಇಳಿಸುತ್ತದೆ, ಅಗಲದ ಶೂ ಹಾಕಿದವರ ಮಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗೂ ಜನ ಸ್ಕೇಟ್ ಮಾಡುತ್ತಾರೆ. ಮಂಜುಗಡ್ಡೆಯ ಮೇಲ್ಮೈಯಲ್ಲಿ ತಾನಾಗಿಯೇ ಒಂದು ತೆಳು ಪದರ ನೀರಿನಂತೆ ಸಡಿಲವಾಗಿರುತ್ತದೆ, ಇದನ್ನು 1850ರಲ್ಲೇ ಫ್ಯಾರಡೆ ಊಹಿಸಿದ್ದರು. ಅದರ ಜೊತೆಗೆ ಜಾರುವಾಗ ಹುಟ್ಟುವ ಬಿಸಿಯೂ ಸ್ವಲ್ಪ ಕರಗಿಸುತ್ತದೆ, ಇದನ್ನು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ತೋರಿಸಿದರು.

ನುಣುಪಿನ ಪ್ರಶ್ನೆ ಬಾಕಿ ಇತ್ತು. ಒರಟು ಮೇಲ್ಮೈಯನ್ನು ಉಜ್ಜಿ ನುಣುಪು ಮಾಡಿದರೆ ಮೊದಮೊದಲು ಘರ್ಷಣೆ ಕಡಿಮೆಯಾಗುತ್ತದೆ. ತೀರಾ ನುಣುಪಾದರೆ ನಿಜವಾಗಿ ತಾಗುವ ಜಾಗ ಜಾಸ್ತಿಯಾಗಿ ಮೇಲ್ಮೈಗಳು ಒಂದಕ್ಕೊಂದು ಅಂಟಲು ಶುರು. ಗಾಳಿಯೇ ಇಲ್ಲದ ಕಡೆ ಚೊಕ್ಕ ಲೋಹದ ಎರಡು ತುಂಡು ಒತ್ತಿದರೆ ಬಿಸಿ ಇಲ್ಲದೆ ಬೆಸೆದುಕೊಳ್ಳುತ್ತವೆ. ನಮ್ಮ ಸುತ್ತ ಹಾಗೆ ಆಗದೆ ಇರುವುದು ಲೋಹದ ಮೇಲಿನ ತೆಳು ಆಕ್ಸೈಡ್ ಪದರ ಮತ್ತು ಕೊಳೆಯಿಂದ. ಹಾಗಾಗಿ ನಿಮ್ಮ ಮಗಳಿಗೆ ಉತ್ತರ: ಒಂದು ಹಂತದವರೆಗೆ ಕಡಿಮೆ ಆಗುತ್ತದೆ, ಆಮೇಲೆ ಏರುತ್ತದೆ.

ಎದುರುಗಾಳಿ

ಸೈಕಲ್ ತುಳಿಯುವವನಾಗಿ ಗಾಳಿಯ ಎಳೆತದ ಬಗ್ಗೆ ಹೇಳುತ್ತೇನೆ, ಆದರೆ ಮೊದಲು ಒಂದು ತಕರಾರು. ಇದನ್ನು ಉಳಿದ ಮೂರರ ಜೊತೆ ಒಂದೇ ಸಾಲಿನಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಒಣ ಘರ್ಷಣೆಯ ನಿಯಮಗಳೆಲ್ಲ ಇಲ್ಲಿ ತಲೆಕೆಳಗು. ಅಲ್ಲಿ ವೇಗ ಹೆಚ್ಚಾದರೂ ಘರ್ಷಣೆ ಅಷ್ಟೇನೂ ಬದಲಾಗುವುದಿಲ್ಲ. ಇಲ್ಲಿ ವೇಗವೇ ಎಲ್ಲ. ಅಲ್ಲಿ ಅಗಲ ಲೆಕ್ಕಕ್ಕಿಲ್ಲ, ಇಲ್ಲಿ ಮೈಯ ಅಗಲ, ಆಕಾರ ಎರಡೂ ಮುಖ್ಯ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ, ನೀರಿಗೂ ಗಾಳಿಗೂ ಸ್ಥಾಯಿ ಘರ್ಷಣೆಯೇ ಇಲ್ಲ. ನಿಂತ ನೀರಿನಲ್ಲಿ ತೇಲುವ ಟನ್‌ಗಟ್ಟಲೆ ತೂಕದ ದೋಣಿಯನ್ನು ಒಬ್ಬರೇ ಕೈಯಲ್ಲಿ ತಳ್ಳುತ್ತಾ ನಿಂತರೆ ಅದು ಮೆಲ್ಲಗೆ ಹೊರಡುತ್ತದೆ. ಅದೇ ದೋಣಿಯನ್ನು ದಡದ ಮರಳಿನ ಮೇಲೆ ಇಟ್ಟರೆ ಅಲುಗುವುದೇ ಇಲ್ಲ.

ಸ್ನಾನದ ಮನೆಯ ಒದ್ದೆ ನೆಲದಲ್ಲಿ ಕಾಲು ಜಾರುವುದೂ ಇದರಿಂದಲೇ. ಪಾದ ಮತ್ತು ನೆಲದ ನಡುವೆ ನೀರಿನ ಪದರ ಉಳಿದರೆ ಅಲ್ಲಿ ಹಿಡಿದಿಡುವುದಕ್ಕೆ ಏನೂ ಇಲ್ಲ. ಚಪ್ಪಲಿಯ ಅಡಿಯ ಗೆರೆಗಳು ಟೈರಿನ ಗೆರೆಗಳ ಕೆಲಸವನ್ನೇ ಮಾಡುತ್ತವೆ.

ಇನ್ನು ಸೈಕಲ್. ವೇಗ 20ರಿಂದ 40 ಕಿಲೋಮೀಟರ್‌ಗೆ ಏರಿಸಿದರೆ ಗಾಳಿಯ ಎಳೆತ ನಾಲ್ಕು ಪಟ್ಟು, ಅದನ್ನು ಮೀರಲು ಕಾಲು ಕೊಡಬೇಕಾದ ಶಕ್ತಿ ಸೆಕೆಂಡಿಗೆ ಎಂಟು ಪಟ್ಟು. ಸಮತಟ್ಟು ರಸ್ತೆಯಲ್ಲಿ 30 ದಾಟಿದ ಮೇಲೆ ನಮ್ಮ ಶ್ರಮದ ಹೆಚ್ಚಿನ ಪಾಲು ಗಾಳಿಗೇ ಹೋಗುತ್ತದೆ, ಚೈನು ಟೈರು ಎಲ್ಲ ಆಮೇಲೆ. ದುಬಾರಿ ಬೇರಿಂಗ್ ಹಾಕಿಸುವ ಮೊದಲು ಬೆನ್ನು ಬಗ್ಗಿಸಿ ತುಳಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈ ಎಳೆತಕ್ಕೆ ನಾವು ಋಣಿಗಳು ಕೂಡ. 2 ಕಿಲೋಮೀಟರ್ ಎತ್ತರದಿಂದ ಬೀಳುವ ಮಳೆ ಹನಿಗೆ ಗಾಳಿಯ ತಡೆ ಇಲ್ಲದಿದ್ದರೆ ನೆಲ ಮುಟ್ಟುವಾಗ ಗಂಟೆಗೆ 700 ಕಿಲೋಮೀಟರ್ ವೇಗ ಇರುತ್ತಿತ್ತು. ಈಗ ದೊಡ್ಡ ಹನಿಯೂ ಸೆಕೆಂಡಿಗೆ 9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಬೀಳುತ್ತದೆ.

ಎಣ್ಣೆಡಬ್ಬಿ

ದೋಣಿಯ ಉದಾಹರಣೆ ಚೆನ್ನಾಗಿದೆ. ಮರಳಿನ ವಿಷಯಕ್ಕೆ ಒಂದು ಸೇರಿಸುತ್ತೇನೆ, ನೀರು ಯಾವಾಗಲೂ ಒಂದೇ ಥರ ಕೆಲಸ ಮಾಡುವುದಿಲ್ಲ ಅನ್ನುವುದಕ್ಕೆ. ಸುಮಾರು 3900 ವರ್ಷ ಹಿಂದಿನ ಈಜಿಪ್ಟಿನ ಒಂದು ಗೋರಿಯ ಚಿತ್ರದಲ್ಲಿ ದೊಡ್ಡ ಪ್ರತಿಮೆಯನ್ನು ಜಾರುಬಂಡಿಯ ಮೇಲಿಟ್ಟು ಎಳೆಯುತ್ತಾರೆ, ಒಬ್ಬ ಮುಂದೆ ನಿಂತು ನೀರು ಸುರಿಯುತ್ತಾನೆ. 2014ರಲ್ಲಿ ಆಮ್ಸ್ಟರ್ಡಾಮ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ನೋಡಿದರು. ಸರಿಯಾದ ಪ್ರಮಾಣದಲ್ಲಿ ಒದ್ದೆ ಮಾಡಿದ ಮರಳಿನ ಮೇಲೆ ಎಳೆಯಲು ಒಣ ಮರಳಿಗಿಂತ ಸುಮಾರು ಅರ್ಧದಷ್ಟು ಬಲ ಸಾಕು. ನೀರು ಅಲ್ಲಿ ಎಣ್ಣೆಯ ಹಾಗೆ ಜಾರಿಸುವುದಿಲ್ಲ. ಮರಳಿನ ಕಣಗಳನ್ನು ಒಂದಕ್ಕೊಂದು ಕಚ್ಚಿಸಿ ಗಟ್ಟಿ ಮಾಡುತ್ತದೆ, ಬಂಡಿಯ ಮುಂದೆ ಮರಳಿನ ಗುಡ್ಡೆ ಕಟ್ಟುವುದಿಲ್ಲ. ನೀರು ತೀರಾ ಜಾಸ್ತಿಯಾದರೆ ಮತ್ತೆ ಕಷ್ಟ.

ಪ್ರಶ್ನೆಚೀಲ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೆ ಎಲ್ಲ ಓದಿ ಹೇಳಿದೆ. ನೂಲಿನ ವಿಷಯ ಕೇಳಿ ಅವಳು ಒಂದು ದಾರ ತಗೊಂಡು ಹುರಿ ಬಿಚ್ಚಿ ಎಳೆದು ನೋಡಿದಳು, ಎಳೆಗಳು ಸಲೀಸಾಗಿ ಬೇರೆಯಾದವು. ಅವಳಿಗೆ ಅದೇ ಎಲ್ಲಕ್ಕಿಂತ ಹಿಡಿಸಿದ್ದು. ಈಗ ಮನೆಯಲ್ಲಿರುವ ವಸ್ತುಗಳ ಘರ್ಷಣಾಂಕ ತಾನೇ ಅಳೆಯಬೇಕಂತೆ. ತಕ್ಕಡಿ, ಸ್ಪ್ರಿಂಗ್ ಏನೂ ಇಲ್ಲ. ಆಗುತ್ತದಾ?

ಸೀಮೆಸುಣ್ಣ

ಆಗುತ್ತದೆ, ಒಂದು ಹಲಗೆ ಮತ್ತು ಅಳತೆ ಪಟ್ಟಿ ಸಾಕು. ಹಲಗೆಯ ಮೇಲೆ ರಬ್ಬರ್, ನಾಣ್ಯ, ಪುಸ್ತಕ ಏನಾದರೂ ಇಟ್ಟು ಒಂದು ತುದಿಯನ್ನು ಬಹಳ ಮೆಲ್ಲಗೆ ಎತ್ತಲು ಹೇಳಿ. ವಸ್ತು ಜಾರಲು ಶುರುವಾದ ಕೂಡಲೇ ನಿಲ್ಲಿಸಬೇಕು. ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರ ಇದೆ ಅಳೆಯಿರಿ, ಹಲಗೆ ನೆಲದ ಮೇಲೆ ಅಡ್ಡಕ್ಕೆ ಎಷ್ಟು ಜಾಗ ತಗೊಂಡಿದೆ ಅಳೆಯಿರಿ. ಎತ್ತರವನ್ನು ಅಡ್ಡದಿಂದ ಭಾಗಿಸಿದರೆ ಸ್ಥಾಯಿ ಘರ್ಷಣಾಂಕ. ಎತ್ತರ 30, ಅಡ್ಡ 60 ಆದರೆ 0.5. ವಸ್ತುವಿನ ತೂಕ ಗೊತ್ತಿರಬೇಕಿಲ್ಲ, ಅದು ಲೆಕ್ಕದಲ್ಲಿ ಹೊಡೆದುಹೋಗುತ್ತದೆ. ಒಂದು ಪುಸ್ತಕದ ಮೇಲೆ ಅಂಥದ್ದೇ ಇನ್ನೊಂದು ಪುಸ್ತಕ ಇಟ್ಟು ಮತ್ತೆ ಮಾಡಿದರೆ ಅದು ಅವಳಿಗೇ ಕಾಣುತ್ತದೆ.

ಜಾರು ಘರ್ಷಣಾಂಕಕ್ಕೆ ಹಲಗೆಯನ್ನು ಆ ಕೋನಕ್ಕಿಂತ ಸ್ವಲ್ಪ ಕೆಳಗೆ ಹಿಡಿದು ಬೆರಳಿನಿಂದ ವಸ್ತುವನ್ನು ಸ್ವಲ್ಪ ನೂಕಬೇಕು. ನೂಕಿದ ಮೇಲೆ ನಿಂತುಬಿಟ್ಟರೆ ಹಲಗೆ ಚೂರು ಎತ್ತಿ. ವೇಗ ಏರದೆ ಇಳಿಯದೆ ಒಂದೇ ಸಮನೆ ಜಾರುವ ಕೋನ ಸಿಕ್ಕಾಗ ಅದೇ ಭಾಗಾಕಾರ. ಒಂದೇ ವಸ್ತುವನ್ನು ಹಲವು ಸಲ ಅಳೆಯಲಿ, ಅಂಕಿ ಪ್ರತಿ ಸಲ ಸ್ವಲ್ಪ ಹೆಚ್ಚು ಕಡಿಮೆ ಬರುತ್ತದೆ, ಗಾಬರಿ ಬೇಡ. ಬೆರಳಿನ ಜಿಡ್ಡು, ದೂಳು, ಗಾಳಿಯ ತೇವ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಹಲಗೆ ಒರೆಸಿ ಒಮ್ಮೆ, ಒರೆಸದೆ ಒಮ್ಮೆ ಮಾಡಿ ಎರಡೂ ಬರೆದಿಟ್ಟುಕೊಳ್ಳಲಿ. ಅಂಕಿಗಳು ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.